ಕಪ್ಪು ಹಿಡಿಯ ಕಠಾರಿಯನ್ನು ನಮ್ಮತ್ತೆ ತೊಳೆದದ್ದು

ನನ್ನ ಕುರ್ಚಿಯಲ್ಲಿ ಈಗ ನಿಹಾರಿಕಾ ಎಂಬ ಹುಡುಗಿ ಕೂರುತ್ತಾಳೆ. ಉಡುಪಿ ಕಡೆಯವರ ಮಗಳು, ಬೆಳೆದದ್ದು ಮೌಂಟನ್ ವ್ಯೂನಲ್ಲಿ. ಕೆಲಸಕ್ಕೆ ಸೇರಿದ ಮೊದಲ ವಾರವೇ ಫೋನ್ ಮಾಡಿ, "ಆಂಟಿ, ನೀವು ನೋಟ್ಸ್ ಏನೂ ಬಿಟ್ಟಿಲ್ವಲ್ಲ, ಬೇಸಿಕಲಿ ಈ ಜಾಬ್ ಏನು?" ಎಂದಳು. "ಚಾಕುಗಳ ಮುಂದೆ ಕೂತು ಅನುಮಾನ ಪಡೋದು" ಎಂದೆ. ತಮಾಷೆಯೆಂದುಕೊಂಡು ನಕ್ಕಳು. ತಮಾಷೆಯಲ್ಲ ಎಂದು ವಿವರಿಸಲು ಫೋನು ಸಾಲದು. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಅವಳ ಅಮ್ಮ ಓದಿ ಹೇಳಲಿ.

ಬೇ ಏರಿಯಾದ ಒಂದು ಸಣ್ಣ ಖಾಸಗಿ ಸಂಗ್ರಹಾಲಯದಲ್ಲಿ ಹಳೆಯ ಲೋಹದ ವಸ್ತುಗಳನ್ನು ಪರೀಕ್ಷಿಸಿ, ಅವು ಕೆಡದಂತೆ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ನನ್ನ ಪಾಲಿಗೆ ಬಂದದ್ದು ಎರಡನೇ ಮಹಾಯುದ್ಧದ ಕಪಾಟು. ಬ್ರಿಟಿಷ್ ಸರ್ಕಾರ ತನ್ನ ಕಮಾಂಡೊಗಳಿಗೆ, ಗೂಢಚಾರರಿಗೆ, ಮತ್ತು ಜರ್ಮನರು ಇಂಗ್ಲೆಂಡಿಗೇ ಬಂದಿಳಿದರೆ ಅಡಗಿ ಕೂತು ಹೋರಾಡಬೇಕಿದ್ದ ಹಳ್ಳಿಗರಿಗೆ ಹಂಚಿದ ಆಯುಧಗಳು ಅದರಲ್ಲಿದ್ದವು. ಎಲ್ಲವೂ ಶತ್ರುವಿನ ಉಸಿರು ತಾಕುವಷ್ಟು ಹತ್ತಿರ ನಿಂತು ಬಳಸುವಂಥವು. ಎರಡೂ ಕಡೆ ಹರಿತವಿರುವ ಮೊನಚು ಕಠಾರಿ. ಎಲೆಯ ಆಕಾರದ ಅಗಲ ಕತ್ತಿ. ಕೋಟಿನ ಕಾಲರಿನಡಿ ಹೊಲಿದುಕೊಳ್ಳುವ, ಬೆರಳುದ್ದದ ಚೂರಿ. ಜಾಡಿಸಿದರೆ ಉದ್ದವಾಗುವ ಸ್ಪ್ರಿಂಗ್ ದೊಣ್ಣೆ. ಜಿರಳೆ ಕಂಡರೆ ಸ್ಟೂಲು ಹತ್ತುವ, ಲೋಹಶಾಸ್ತ್ರ ಓದಿದ ಹುಬ್ಬಳ್ಳಿಯ ಹೆಂಗಸಿಗೆ ಈ ಕಪಾಟನ್ನು ಯಾಕೆ ವಹಿಸಿದರೆಂದರೆ, ಆ ಕೆಲಸಕ್ಕೆ ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ. ಬಡ್ತಿ ಒಂದು ಸಲ ಸಿಕ್ಕಿತು. ಅದರ ಜೊತೆ ಕಿಟಕಿಯಿದ್ದ ಕೋಣೆಯೂ ಸಿಕ್ಕಿತು. ಆ ವಿಷಯ ಅಲ್ಲಿಗೆ ಮುಗಿಯಿತು.

ನಮ್ಮ ಕಸುಬಿನಲ್ಲಿ ಒಂದು ನಿಯಮವಿದೆ. ಒಂದು ವಸ್ತುವಿನ ಚೂರು ಬಿದ್ದುಹೋಗಿದ್ದರೆ ಆ ಜಾಗವನ್ನು ತುಂಬಬಹುದು. ಆದರೆ ತುಂಬಿದ್ದು ಆರು ಅಡಿ ದೂರದಿಂದ ಕಾಣಬಾರದು, ಆರು ಇಂಚು ಹತ್ತಿರದಿಂದ ಕಾಣಲೇಬೇಕು. ನೋಡುವವನಿಗೆ ಅಂದ, ಪರೀಕ್ಷಿಸುವವನಿಗೆ ಸತ್ಯ. ನೆನಪಿನ ಕಥೆ ಬರೆಯುವವರು ಮೊದಲರ್ಧವನ್ನು ಮಾತ್ರ ಪಾಲಿಸುತ್ತಾರೆ. ನಾನು ಎರಡನ್ನೂ ಪಾಲಿಸಲು ನೋಡುತ್ತೇನೆ. ಉದಾಹರಣೆಗೆ, ಇಲ್ಲಿ ಬರುವ ಇಂಗ್ಲಿಷ್ ಮಾತುಗಳನ್ನೆಲ್ಲ ಕನ್ನಡದಲ್ಲಿ ಕೊಟ್ಟಿದ್ದೇನೆ. ಅಷ್ಟರಲ್ಲೇ ಬೇಕಾದಷ್ಟು ತುಂಬಿದಂತಾಯಿತು.

ಮೊದಲು ನನ್ನ ಮೇಲಧಿಕಾರಿ ವಾಲ್ಟರ್. ಎತ್ತರದ, ಸ್ವಲ್ಪ ಬಾಗಿದ ಮನುಷ್ಯ. ಯಾವ ಕಠಾರಿ ಬಂದರೂ ಮೊದಲು ಮೂಸಿ ನೋಡುವರು. ಹೊಸದನ್ನು ಹಳೆಯದೆಂದು ಮಾರುವವರು ಆಸಿಡ್ಡಿನಿಂದಲೋ ಚಹದ ನೀರಿನಿಂದಲೋ ಬಣ್ಣ ಕೆಡಿಸುತ್ತಾರೆ. ಚರ್ಮದ ಒರೆಯೊಳಗೆ ಅದರ ವಾಸನೆ ಉಳಿಯುತ್ತದೆ. ನಾನು ಸೇರಿದ ಹೊಸದರಲ್ಲಿ ಒಂದು ಕಠಾರಿಯನ್ನು ಮೂಸಿ, "ಇದು ಅಸಲಿ. ಹಳೆ ಚರ್ಮ, ಎಣ್ಣೆ, ಜೊತೆಗೆ ಏನೋ ಖಾರದ ವಾಸನೆ" ಎಂದೆ. ವಾಲ್ಟರ್ ನನ್ನ ಕೈ ಮೂಸಿ, "ಖಾರದ ವಾಸನೆ ನಿನ್ನ ಲಂಚಿನದು, ಶೈಲಾ" ಎಂದರು. ಅಂದು ಡಬ್ಬಿಯಲ್ಲಿ ಶೇಂಗಾ ಚಟ್ನಿಯಿತ್ತು. ಅಲ್ಲಿಂದ ಮುಂದೆ ಎಡಗೈ ಮೂಸಲು, ಬಲಗೈ ಊಟಕ್ಕೆ.

ಒಮ್ಮೆ ಕಾಲರಿನ ಚೂರಿ ಕಾಣೆಯಾಯಿತು. ಎರಡು ದಿನ ಹುಡುಕಿದೆವು. ಕಸದ ಬುಟ್ಟಿ ಸುರಿದೆವು, ವ್ಯಾಕ್ಯೂಮ್ ಕ್ಲೀನರಿನ ಚೀಲ ಕೊಯ್ದೆವು. ಕಾವಲಿನವನು ನನ್ನ ಡಬ್ಬಿಯ ಚೀಲವನ್ನು ಮೂರು ಸಲ ತಪಾಸಣೆ ಮಾಡಿದ. ಕೊನೆಗೆ ಅದು ಸಿಕ್ಕಿದ್ದು ಪ್ರದರ್ಶನದ ಗೊಂಬೆಗೆ ತೊಡಿಸಿದ್ದ ಕೋಟಿನ ಕಾಲರಿನಡಿ. "ಇದರ ಜಾಗ ಇದೇ ಅಲ್ವಾ" ಎಂದು ವಾಲ್ಟರೇ ಅಲ್ಲಿ ಸಿಕ್ಕಿಸಿ ಮರೆತಿದ್ದರು. ಜರ್ಮನರ ತಪಾಸಣೆ ತಪ್ಪಿಸಲು ಮಾಡಿದ ಚೂರಿ ನಮ್ಮನ್ನೂ ತಪ್ಪಿಸಿಕೊಂಡಿತ್ತು. ವರದಿಯಲ್ಲಿ ನಾನು "ವಸ್ತು ಈಗಲೂ ಕೆಲಸ ಮಾಡುವ ಸ್ಥಿತಿಯಲ್ಲಿದೆ" ಎಂದು ಬರೆದೆ.

ಸ್ಪ್ರಿಂಗ್ ದೊಣ್ಣೆಯನ್ನು ಜಾಡಿಸಿ ಟ್ಯೂಬ್‌ಲೈಟು ಒಡೆದದ್ದು ವಾಲ್ಟರೋ ನಾನೋ ಎಂಬ ಬಗ್ಗೆ ಎರಡು ಅಭಿಪ್ರಾಯಗಳಿವೆ. ಎರಡೂ ನನ್ನವೇ. ಕೇಳುವವರು ಯಾರೆಂಬುದರ ಮೇಲೆ ಬದಲಾಗುತ್ತವೆ.

ಆಮೇಲೆ ಮಷೀನು ಬಂತು. ಪಿಸ್ತೂಲಿನ ಆಕಾರದ ಎಕ್ಸ್‌ರೇ ಯಂತ್ರ. ಲೋಹಕ್ಕೆ ಗುರಿ ಹಿಡಿದು ಒತ್ತಿದರೆ ತಾಮ್ರ ಎಷ್ಟು, ಸತು ಎಷ್ಟು ಎಂದು ತೆರೆಯ ಮೇಲೆ ತೋರಿಸುತ್ತದೆ. ಯುದ್ಧದ ಮೊದಲ ವರ್ಷಗಳ ಕಠಾರಿಗಳಿಗೆ ಹಿತ್ತಾಳೆಯ ಹಿಡಿ. ಹಿತ್ತಾಳೆ ಬೇರೆ ಕೆಲಸಕ್ಕೆ ಬೇಕಾದಾಗ ಅಗ್ಗದ ಸತುವಿನ ಹಿಡಿ ಬಂತು. ಮೊದಲೆಲ್ಲ ಇದನ್ನು ತೂಕ, ಸದ್ದು, ಭೂತಗನ್ನಡಿಗಳಿಂದ ಕಂಡುಹಿಡಿಯಲು ಅರ್ಧ ದಿನ ಬೇಕಿತ್ತು. ಈಗ ಅರ್ಧ ನಿಮಿಷ. ವಾಲ್ಟರ್ ಮಾತ್ರ ಮಷೀನಿನತ್ತ ನೋಡಿ, "ಅದು ಬಹಳ ಬುದ್ಧಿವಂತ. ತನಗೆ ಕಾಣದ್ದರ ಬಗ್ಗೆ ಬಾಯೇ ಬಿಡಲ್ಲ" ಎನ್ನುತ್ತಿದ್ದರು. ಅದಕ್ಕೆ ಕಾಣದ ವಸ್ತುಗಳಲ್ಲಿ ಹೊಗೆಯ ಮಸಿ ಒಂದು. ಇದನ್ನು ನೆನಪಿಟ್ಟುಕೋ, ನಿಹಾರಿಕಾ. ನಾನು ಹೇಳಹೊರಟಿರುವ ಸಂಗತಿಯಲ್ಲಿ ಅದು ಬೇಕಾಗುತ್ತದೆ.

ಇಂಗ್ಲೆಂಡಿನಿಂದ ಬಂದು ಇಲ್ಲೇ ನೆಲೆಸಿದ್ದ ಡೊರೊಥಿ ಎಂಬ ಎಂಬತ್ತು ದಾಟಿದ ಹೆಂಗಸು ಹತ್ತಿರದ ಲಿವರ್‌ಮೋರ್‌ನಿಂದ ತಾವೇ ಕಾರು ಓಡಿಸಿಕೊಂಡು ಬಂದರು. ಟವೆಲ್ಲಿನಲ್ಲಿ ಸುತ್ತಿದ ಕಠಾರಿಯೊಂದನ್ನು ಮೇಜಿನ ಮೇಲಿಟ್ಟರು. ಹಿತ್ತಾಳೆಯ ಹಿಡಿ, ಅದರ ಮೇಲೆಲ್ಲ ಕಪ್ಪು.

ಅವರ ಅಪ್ಪ ಆರ್ಥರ್ ಇಂಗ್ಲೆಂಡಿನ ಕಡಲ ಬದಿಯ ಹಳ್ಳಿಯಲ್ಲಿ ಹೊಲದ ಕೆಲಸಗಾರ. ಗಟ್ಟಿಮುಟ್ಟಾದ ಆಳಾಗಿದ್ದೂ ಯುದ್ಧಕ್ಕೆ ಹೋಗಲಿಲ್ಲ. ಊರಿನಲ್ಲಿ ಅವರನ್ನು ಕಂಡು ಮುಖ ತಿರುಗಿಸುತ್ತಿದ್ದರು. ಯುದ್ಧ ಮುಗಿದ ಮೇಲೆ ಹುಟ್ಟಿದ ಡೊರೊಥಿಯ ತಮ್ಮ, ಶಾಲೆಯಲ್ಲಿ "ನಿಮ್ಮಪ್ಪ ಮನೇಲಿ ಅವಿತುಕೊಂಡಿದ್ದ" ಎಂಬ ಮಾತು ಕೇಳಿಯೇ ಬೆಳೆದರು. ಸಾಯುವ ಮೊದಲು ಅಪ್ಪ ಮಗಳಿಗೆ ಮಾತ್ರ ಹೇಳಿದರು: ತನಗೂ ಊರಿನ ಕೆಲವರಿಗೂ ಸೈನ್ಯದವರು ಗುಟ್ಟಾಗಿ ತರಬೇತಿ ಕೊಟ್ಟಿದ್ದರು, ಕಾಡಿನಲ್ಲಿ ನೆಲದಡಿ ಒಂದು ಅಡಗುದಾಣವಿತ್ತು, ಜರ್ಮನರು ಬಂದರೆ ಅದರೊಳಗಿಳಿದು ಹಿಂದಿನಿಂದ ಹೊಡೆಯಬೇಕಿತ್ತು, ಯಾರಿಗೂ ಹೇಳುವುದಿಲ್ಲವೆಂದು ಸಹಿ ಹಾಕಿಸಿಕೊಂಡಿದ್ದರು. ಜರ್ಮನರು ಬರಲಿಲ್ಲ. ಕಠಾರಿ ಉಳಿಯಿತು.

"ನನ್ನ ತಮ್ಮ ಇದನ್ನ ನಂಬಲ್ಲ" ಎಂದರು ಡೊರೊಥಿ. "ಇಂಥಾ ಚಾಕು ಅಂಗಡೀಲಿ ಸಿಗ್ತಿತ್ತು, ಮುದುಕ ಕಥೆ ಕಟ್ಟಿದ ಅಂತಾನೆ. ಕಣ್ಣಿಂದ ನೋಡೋಕೂ ಒಪ್ಪಲಿಲ್ಲ. ನಾನು ಸಾಯೋದ್ರೊಳಗೆ ಇದು ನಿಮ್ಮ ಗಾಜಿನ ಪೆಟ್ಟಿಗೇಲಿ ಇರ್ಬೇಕು. ಪಕ್ಕದಲ್ಲಿ ಒಂದೇ ಸಾಲು: ಇದು ಆರ್ಥರ್‌ದು, ಆ ಕೆಲಸಕ್ಕೆ ಅಂತ ಅವನಿಗೆ ಕೊಟ್ಟಿದ್ದು. ಆ ಸಾಲನ್ನ ನಾನು ಅವನಿಗೆ ಫೋನಲ್ಲಿ ಓದಿ ಹೇಳ್ಬೇಕು."

ಕಠಾರಿಯೇನೋ ಯುದ್ಧಕಾಲದ್ದೇ. ಆದರೆ ಯುದ್ಧ ಮುಗಿದ ಮೇಲೆ ಅಂಥವನ್ನು ಕಪ್ಪು ಬಣ್ಣ ಬಳಿದು ನೆನಪಿನ ಕಾಣಿಕೆಯೆಂದು ಮಾರಿದವರೂ ಇದ್ದರು. ವಾಲ್ಟರ್ ಹೇಳಿದರು: "ಎಲ್ಲಾ ಇರೋದು ಆ ಕಪ್ಪಿನಲ್ಲಿ. ಅದು ಪೇಂಟು ಆದ್ರೆ ಅಂಗಡಿ ಮಾಲು. ಹಿತ್ತಾಳೆ ಹೊಳೆಯದಿರಲಿ ಅಂತ ಮನೇಲೇ ಯಾರೋ ಹಚ್ಚಿದ ಮಸಿ ಆದ್ರೆ, ಮುದುಕನ ಮಾತಿಗೆ ಒಂದು ಕಾಲು ಬಂದ ಹಾಗೆ." ಒಂದು ಕಣ ಕೆರೆದು ಸೂಕ್ಷ್ಮದರ್ಶಕದಡಿ ಇಟ್ಟರೆ ಮುಗಿಯಿತು. ಅರ್ಧ ಗಂಟೆಯ ಕೆಲಸ.

ಆ ಅರ್ಧ ಗಂಟೆಯನ್ನು ನಾನು ಒಂದು ದಿನ ಮುಂದೂಡಿದೆ. ಯಾಕೆಂದರೆ ಡೊರೊಥಿ ಬಂದು ಹೋಗುವಾಗ ಸಂಜೆಯಾಗಿತ್ತು, ಮರುದಿನ ಮಹಾನವಮಿ.

ಪ್ರತಿವರ್ಷ ಆಯುಧಪೂಜೆಯ ದಿನ ನನ್ನ ಭೂತಗನ್ನಡಿ, ಚಿಮುಟ, ಸೂಕ್ಷ್ಮದರ್ಶಕ, ಕೊನೆಕೊನೆಗೆ ಎಕ್ಸ್‌ರೇ ಮಷೀನು, ಎಲ್ಲಕ್ಕೂ ಹೂ ಏರಿಸಿ, ಕೆಳಗಿನ ಕಾಗದಕ್ಕೆ ಕುಂಕುಮ ಹಚ್ಚುತ್ತಿದ್ದೆ. ಲೋಹಕ್ಕೆ ಕುಂಕುಮ ತಾಕಿಸಲು ವಾಲ್ಟರ್ ಬಿಡುತ್ತಿರಲಿಲ್ಲ. ಅಂದು ಉಪಕರಣಗಳನ್ನು ಮುಟ್ಟಿ ಕೆಲಸ ಮಾಡುವಂತಿಲ್ಲ. "ಇಷ್ಟು ವರ್ಷ ಕಾದ ಚಾಕು ಇನ್ನೊಂದು ದಿನ ಕಾಯುತ್ತೆ" ಎಂದು ವಾಲ್ಟರೇ ಒಪ್ಪಿದರು. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ಡೊರೊಥಿಗೆ ಫೋನ್ ಮಾಡಿ, "ನಮ್ಮಲ್ಲಿ ಇವತ್ತು ಆಯುಧಗಳಿಗೆ ಪೂಜೆ. ನಿಮ್ಮ ಅಪ್ಪನ ಕಠಾರಿಯನ್ನೂ ಇಡ್ತೀನಿ, ಬನ್ನಿ" ಎಂದೆ. ಅವರಿಗೆ ಬಹಳ ಸಂತೋಷವಾಯಿತು. ಅಲ್ಲದೆ ಆ ವರ್ಷ ಧಾರವಾಡದಿಂದ ಬಂದು ಎವರ್‌ಗ್ರೀನ್ ಬಡಾವಣೆಯ ನಮ್ಮ ಮನೆಯಲ್ಲಿದ್ದ ಅತ್ತೆ ನೀಲವ್ವನವರನ್ನೂ ಕರೆದುಕೊಂಡು ಹೋದೆ. ಅವರು ಹಿತ್ತಾಳೆಯ ದೀಪ, ಚೆಂಡುಹೂ, ದೀಪ ತಿಕ್ಕಲು ಒಂದು ಉಂಡೆ ಹುಣಸೆಹಣ್ಣು, ಎಲ್ಲವನ್ನೂ ಕಟ್ಟಿಕೊಂಡು ಬಂದರು.

ಕಪಾಟು ನೋಡಿದವರೇ ಎಲೆಯಾಕಾರದ ಅಗಲ ಕತ್ತಿಯ ಮುಂದೆ ನಿಂತು, "ಇದರಾಗ ಕುಂಬಳಕಾಯಿ ಚೊಲೋ ಹೆಚ್ಚತೈತಿ ನೋಡು" ಎಂದರು. ವಾಲ್ಟರಿಗೆ ಅನುವಾದಿಸಿದೆ. "ಇದರ ಬಗ್ಗೆ ಇಷ್ಟು ಒಳ್ಳೆ ಮಾತು ಯಾರೂ ಆಡಿಲ್ಲ" ಎಂದರು ಅವರು.

ಪೂಜೆಯ ತಟ್ಟೆಯಲ್ಲಿ ಕಠಾರಿಯನ್ನಿಟ್ಟು, ಡೊರೊಥಿಯನ್ನು ಕರೆತರಲು ನಾನೂ ವಾಲ್ಟರೂ ಬಾಗಿಲಿಗೆ ಹೋದೆವು. ಹತ್ತು ನಿಮಿಷವಾಗಿರಬಹುದು. ಮೂವರೂ ಒಳಗೆ ಬಂದಾಗ ತಟ್ಟೆಯಲ್ಲಿ ಬಂಗಾರದಂಥ ಹಿಡಿಯ ಕಠಾರಿಯೊಂದು ಹೊಳೆಯುತ್ತಿತ್ತು. ಅತ್ತೆ ಸಿಂಕಿನ ಬಳಿ ಕೈ ಒರೆಸಿಕೊಳ್ಳುತ್ತಿದ್ದರು.

"ಅತ್ತೀ, ಏನ್ ಮಾಡೀರಿ ಇದು?"

"ಎಷ್ಟ್ ಹೊಲಸಾಗಿತ್ತವಾ ಅದು! ಹಂಗ ಇಡ್ತಾರೇನು ದೇವರ ಮುಂದ? ದೀಪ ತಿಕ್ಕಿದ್ನೆಲ್ಲಾ, ಅದ ಹುಣಸಿಹಣ್ಣಿಲೆ ತಿಕ್ಕಿ ತೊಳದಿಟ್ಟೇನಿ. ನೋಡು, ಹೆಂಗ ಕಾಣತೈತಿ!"

ಇಲ್ಲಿ ನಿಂತು ಒಂದು ಮಾತು ಒಪ್ಪಿಕೊಳ್ಳಬೇಕು. ತಂತಮ್ಮ ಅಡುಗೆ ತಂದು ಎಲ್ಲರೂ ಸೇರುವ ಎವರ್‌ಗ್ರೀನ್‌ನ ಪಾಟ್‌ಲಕ್ಕುಗಳಲ್ಲಿ ಈ ಕಥೆಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಅಲ್ಲಿ ಕಪ್ಪು ಹೋದ ಕೂಡಲೇ ಹಿತ್ತಾಳೆಯ ಮೇಲೆ ಆರ್ಥರನ ಹೆಸರಿನ ಅಕ್ಷರಗಳು ಮೂಡುತ್ತವೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನನ್ನ ಮಗ ಈಗಲೂ ಹಾಗೇ ಹೇಳುತ್ತಾನೆ. ಅಂದಿನ ನನ್ನ ಟಿಪ್ಪಣಿಯಲ್ಲಿರುವುದು ಇಷ್ಟು: "ಕಪ್ಪಿನ ಕೆಳಗೆ ಯಾವ ಗುರುತೂ ಇಲ್ಲ. ಹಿತ್ತಾಳೆ ಸ್ವಚ್ಛ."

ಡೊರೊಥಿ ತಟ್ಟೆಯ ಮೇಲೆ ಬಾಗಿ ನೋಡಿದರು. "ನಮ್ಮಪ್ಪನ್ನೇ ತೊಳೆದುಬಿಟ್ರಿ" ಎಂದರು. ನಾನು ಕ್ಷಮೆ ಕೇಳಿದೆ. ತಪ್ಪು ನನ್ನದು, ಕಪ್ಪನ್ನು ನಿನ್ನೆಯೇ ಕೆರೆದು ತೆಗೆಯಬೇಕಿತ್ತು, ಈಗ ಪರೀಕ್ಷಿಸಲು ಏನೂ ಉಳಿದಿಲ್ಲ ಎಂದು ಬಿಡಿಸಿ ಹೇಳಿದೆ. ಅವರು ಕುರ್ಚಿ ಎಳೆದು ಕೂತು ಅಳತೊಡಗಿದರು.

"ಯಾಕವಾ, ಆಕಿ ಯಾಕ ಅಳಾಕತ್ತಾಳ?" ಎಂದರು ಅತ್ತೆ. ಹೇಳಿದೆ. ಅತ್ತೆಯ ಮುಖ ಬಾಡಿತು. ಅವರು ಕೈ ಮುಂದೆ ಚಾಚಿದರು. ಉಗುರಿನ ಸಂದಿಗಳಲ್ಲಿ ಕಪ್ಪು ಇನ್ನೂ ಇತ್ತು. "ಇದ ಬೇಕಾಗಿತ್ತೇನು ನಿಮಗ? ತಗೋರಿ ಮತ್ತ."

ವಾಲ್ಟರ್ ನೆಗೆದೆದ್ದರು. ನಮ್ಮತ್ತೆಯ ಹತ್ತೂ ಉಗುರುಗಳಿಂದ ಹತ್ತಿ ಕಡ್ಡಿಯಲ್ಲಿ ಕಪ್ಪನ್ನು ಎತ್ತಿ, ಹತ್ತು ಪೊಟ್ಟಣ ಮಾಡಿ, ಒಂದೊಂದರ ಮೇಲೂ ಬೆರಳಿನ ಹೆಸರು ಬರೆದರು. ಹುಣಸೆಹಣ್ಣಿನ ಉಂಡೆಗೂ ಒಂದು ಪೊಟ್ಟಣ. ಆಯುಧಪೂಜೆಯ ನಿಯಮ ಮುರಿದು ಮಷೀನಿನ ಹೂ ತೆಗೆದೆ. ಮಷೀನು ತಾಮ್ರ, ಸತು ಎಂದಿತು. ಸೂಕ್ಷ್ಮದರ್ಶಕದಡಿ ಮಸಿ, ಎಣ್ಣೆಯ ಜಿಡ್ಡು ಕಂಡವು. ನನಗೆ ಕುಣಿಯುವಂತಾಯಿತು.

"ಯಾರ ಮಸಿ?" ಎಂದರು ವಾಲ್ಟರ್.

ಅದೇ ಉಂಡೆಯಿಂದ ಅತ್ತೆ ಮೊದಲು ದೀಪ ತಿಕ್ಕಿದ್ದರು. ವರ್ಷಗಟ್ಟಲೆ ಉರಿದ ದೀಪದ ಮಸಿ, ದೀಪದ ಎಣ್ಣೆ, ದೀಪದ ಹಿತ್ತಾಳೆ. ಹತ್ತು ಬೆರಳಿನಲ್ಲೂ ನಮ್ಮ ಎವರ್‌ಗ್ರೀನ್‌ನ ದೇವರಮನೆಯೂ ಇಂಗ್ಲೆಂಡಿನ ಹಳ್ಳಿಯೂ ಬೇರ್ಪಡಿಸಲಾಗದಂತೆ ಬೆರೆತಿದ್ದವು.

ಇನ್ನು ಉಳಿದದ್ದು ಆ ಕಪ್ಪನ್ನು ಕೈಯಾರೆ ಮುಟ್ಟಿದ ಒಬ್ಬರೇ ಸಾಕ್ಷಿ. ವಾಲ್ಟರ್ ಕೇಳಿದರು, ನಾನು ಅನುವಾದಿಸಿದೆ: ಅದು ಹೇಗೆ ಬಿಟ್ಟಿತು?

"ಬರೇ ನೀರಿಗೆ ಬಿಡಲಿಲ್ಲ. ಜಿಡ್ಡಿತ್ತು. ಹಂಚಿನ ತಳದಾಗ ಇರತೈತೆಲ್ಲಾ, ಅಂಥಾ ಮಸಿ" ಎಂದರು ಅತ್ತೆ. "ಬಣ್ಣ ಆಗಿದ್ರ ಹುಣಸಿಹಣ್ಣಿಗೆ ಬಿಡ್ತಿತ್ತೇನು? ಅರವತ್ತ ವರ್ಷ ಪಾತ್ರಿ ತಿಕ್ಕೇನಿ, ಅಷ್ಟೂ ತಿಳಿಯಾಂಗಿಲ್ಲೇನು ನನಗ?"

ಡೊರೊಥಿ ಹೇಳಿದರು: "ಅಪ್ಪ ಒಲೆ ಮುಂದೆ ಕೂತು ಮಸಿಗೆ ಕುರಿ ಕೊಬ್ಬು ಕಲಸ್ತಿದ್ರು. ನಂಗೆ ನಾಲ್ಕು ವರ್ಷ. ಕೊಬ್ಬು ಹಾಳು ಮಾಡ್ತಾರೆ ಅಂತ ಅಮ್ಮ ಬೈತಿದ್ರು. ಅದು ಈಗ ನೆನಪಾಯ್ತು."

ಮೇಲಿನ ಎರಡು ಮಾತುಗಳನ್ನು ನಾನು ಈ ಕ್ರಮದಲ್ಲಿ ಬರೆದಿದ್ದೇನೆ. ಹತ್ತಿರ ಬಂದು ನೋಡಿ: ಕ್ರಮ ನಾನು ತುಂಬಿದ್ದು. ಡೊರೊಥಿ ಮೊದಲು ಹೇಳಿ, ಆಮೇಲೆ ಅತ್ತೆ ಹೇಳಿದ್ದಾದರೆ ಅದು ಸಾಕ್ಷ್ಯ; ಒಬ್ಬರಿಗೊಬ್ಬರ ಭಾಷೆ ತಿಳಿಯದ ಇಬ್ಬರು ಒಂದೇ ಮಾತು ಹೇಳಿದ ಹಾಗೆ. ಅತ್ತೆ ಮೊದಲಾದರೆ, ನನ್ನ ಅನುವಾದ ಕೇಳಿ ಡೊರೊಥಿಗೆ ಬೇಕಾದ ನೆನಪು ಹುಟ್ಟಿಕೊಂಡಿರಬಹುದು. "ಮಸಿ" ಎಂಬ ಮಾತನ್ನು ಆ ಕೋಣೆಯೊಳಗೆ ಇಂಗ್ಲಿಷಿಗೆ ತಂದವಳು ನಾನೇ ಇರಬಹುದು. ಗಡಿಬಿಡಿಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದೆವು. ಅಂದು ಸಂಜೆಯ ಟಿಪ್ಪಣಿಯಲ್ಲಿ ಡೊರೊಥಿ ಮೊದಲು ಎಂದು ಬರೆದಿದ್ದೇನೆ. ಆದರೆ ಮರುದಿನ ವಾಲ್ಟರ್ ಅತ್ತೆ ಮೊದಲು ಎಂದರು. ಡೊರೊಥಿ ತಾನೇ ಮೊದಲು ಎಂದರು. ಅತ್ತೆ, "ಯಾರ್ ಮೊದಲ ಅಂದ್ರೇನವಾ, ಮಸಿ ಮಸಿನ" ಎಂದರು.

ಸಂಗ್ರಹಾಲಯದ ಆಡಳಿತ ಮಂಡಳಿ ನನ್ನ ವರದಿ ಕೇಳಿತು. ಅದರಲ್ಲಿ ಹೀಗಿತ್ತು: "ಪರೀಕ್ಷಕರು: ಶ್ರೀಮತಿ ನೀಲವ್ವ, ಗೃಹಿಣಿ. ಅನುಭವ: ಅರವತ್ತು ವರ್ಷ, ಪಾತ್ರೆ." ಈ ಪರೀಕ್ಷಕರ ಅರ್ಹತೆಯೇನೆಂದು ಮಂಡಳಿಯವರು ಬರೆದು ಕೇಳಿದರು. "ನಾವೆಲ್ಲ ಸೇರಿ ನೋಡಿರುವುದಕ್ಕಿಂತ ಹೆಚ್ಚು ಮಸಿ ನೋಡಿದ್ದಾರೆ" ಎಂದು ವಾಲ್ಟರ್ ಉತ್ತರ ಕಳಿಸಿದರು. ಮಂಡಳಿ ಅದನ್ನು ಒಪ್ಪಿತು. ಅವರಿಗೆ ಕೊನೆಗೆ ಬೇಕಾದದ್ದು ಒಂದೇ: ಯಾರು ಮೊದಲು ಹೇಳಿದರು?

ವಾಲ್ಟರ್ ನನ್ನ ಕೋಣೆಯ ಬಾಗಿಲು ಮುಚ್ಚಿದರು. "ಡೊರೊಥಿ ಅಂತ ಬರಿ. ನಿನ್ನ ಟಿಪ್ಪಣಿಯಲ್ಲೂ ಹಾಗೇ ಇದೆ. ನನ್ನ ನೆನಪು ಬಿಡು, ನಾನು ಮುದುಕ. ಯಾರಿಗೇನು ನಷ್ಟ?"

"ನನ್ನ ಟಿಪ್ಪಣಿ ಬರೆಯೋ ಹೊತ್ತಿಗೆ ಅವರಿಗೆ ಆ ಸಾಲು ಸಿಗ್ಲಿ ಅಂತ ನನಗೂ ಆಸೆ ಇತ್ತು, ವಾಲ್ಟರ್."

"ಅದು ತಪ್ಪಾ?"

"ಟಿಪ್ಪಣಿಗೆ ತಪ್ಪು."

ಅವರು ಮೇಜಿನ ಮೇಲಿದ್ದ ಪೆನ್ನನ್ನು ನನ್ನತ್ತ ಸರಿಸಿದರು. ನಾನು "ಯಾರು ಮೊದಲು ಹೇಳಿದರೆಂದು ನನಗೆ ಗೊತ್ತಿಲ್ಲ" ಎಂದು ಬರೆದು ಸಹಿ ಹಾಕಿದೆ. ಆ ಒಂದು ಸಾಲಿನಿಂದ ಡೊರೊಥಿ ಕೇಳಿದ ಒಂದು ಸಾಲು ಹೋಯಿತು. ಗಾಜಿನ ಪೆಟ್ಟಿಗೆಗೆ ಬೇರೆಯದೇ ಬರಹ ತಯಾರಾಯಿತು.

ಅದನ್ನು ಅಂಚೆಯಲ್ಲಿ ಕಳಿಸಬಹುದಿತ್ತು. ಮನಸ್ಸಾಗದೆ ಶನಿವಾರ ಬೆಳಿಗ್ಗೆ ನಾನೇ ಲಿವರ್‌ಮೋರ್‌ಗೆ ಹೊರಟೆ. ಅತ್ತೆ, "ಮೊದಲ ಗುಡಿಗೆ ಹೋಗಿ ಆಮ್ಯಾಲೆ ಆಕಿ ಮನಿಗೆ ಹೋಗೂಣು" ಎಂದು ಕಾರು ಹತ್ತಿದರು. ಆ ಊರಿನಲ್ಲೇ ಇರುವ ಹಿಂದೂ ಗುಡಿಯಲ್ಲಿ ಅವರು ಏನು ಕೇಳಿಕೊಂಡರೋ ಹೇಳಲಿಲ್ಲ.

ಡೊರೊಥಿ ಅಡುಗೆಮನೆಯಲ್ಲಿ ಕೂರಿಸಿ ಚಹ ಕೊಟ್ಟರು. ನಾನು ಬರಹದ ಪ್ರತಿಯನ್ನು ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು.

"ಕಮಾಂಡೊ ಕಠಾರಿ, ಹಿತ್ತಾಳೆಯ ಹಿಡಿ. ಇದನ್ನು ಇಂಗ್ಲೆಂಡಿನ ಗುಪ್ತ ಪ್ರತಿರೋಧ ಪಡೆಯಲ್ಲಿದ್ದ ತನ್ನ ತಂದೆ ಆರ್ಥರ್‌ಗೆ ಕೊಟ್ಟಿದ್ದೆಂದು ಮಗಳು ಹೇಳುತ್ತಾರೆ. ಹಿಡಿಯ ಮೇಲಿದ್ದ ಕಪ್ಪು ಈ ಸಂಗ್ರಹಾಲಯದ ತಪ್ಪಿನಿಂದ ಅಳಿದಿದೆ. ಅವರ ಮಾತು ನಿಜವೋ ಅಲ್ಲವೋ ನಮಗೆ ಗೊತ್ತಿಲ್ಲ."

ಕೊನೆಯ ಮಾತನ್ನು ಇನ್ನೊಮ್ಮೆ ಓದಿದರು. ನಾನು ಬೈಗುಳಕ್ಕೆ ಕಾಯುತ್ತ ಕೂತೆ.

"ಇದನ್ನ ಬರೆದಿದ್ದು ನೀನಾ?"

"ಹೌದು."

"ನಮ್ಮೂರಲ್ಲಿ ಎಲ್ಲರಿಗೂ ಗೊತ್ತಿತ್ತು" ಎಂದರು. "ಕಟುಕನಿಗೆ ಗೊತ್ತಿತ್ತು, ಪಾದ್ರಿಗೆ ಗೊತ್ತಿತ್ತು, ನನ್ನ ತಮ್ಮನ ಶಾಲೆಯ ಹುಡುಗರಿಗೆಲ್ಲ ಗೊತ್ತಿತ್ತು, ಅಪ್ಪ ಏನೂ ಮಾಡಲಿಲ್ಲ ಅಂತ. ಗೊತ್ತಿಲ್ಲ ಅಂದವಳು ನೀನೇ ಮೊದಲು."

ಎದ್ದು ಹೋಗಿ ಫೋನ್ ತಂದರು. ಸ್ಪೀಕರ್ ಹಾಕಿ ಇಂಗ್ಲೆಂಡಿಗೆ ಕರೆ ಮಾಡಿದರು. ಅಲ್ಲಿ ಸಂಜೆ. ತಮ್ಮನಿಗೆ ಬರಹವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು, ಕೊನೆಯ ಮಾತನ್ನು ತುಸು ಜೋರಾಗಿಯೇ.

"ಅಂದ್ರೆ ನಿಂಗೆ ಸಾಕ್ಷಿ ಸಿಗ್ಲಿಲ್ಲ" ಎಂದರು ತಮ್ಮ.

"ಇಲ್ಲ. ನಿಂಗೂ ಸಿಗ್ಲಿಲ್ಲ."

"ಕಟ್ ಆತೇನು?" ಎಂದು ಅತ್ತೆ ನನ್ನ ಕಿವಿಯಲ್ಲಿ ಕೇಳಿದರು.

"ಅಪ್ಪನ ಕೈ ದೊಡ್ಡದಿತ್ತು, ಡಾಟ್" ಎಂದರು ತಮ್ಮ, ಅಕ್ಕನನ್ನು ಚಿಕ್ಕಂದಿನ ಹೆಸರಿನಿಂದ ಕರೆದು. "ಆ ಹಿಡಿ ಅವರಿಗೆ ಸಾಲ್ತಿತ್ತಾ? ಎಷ್ಟು ಉದ್ದ ಇದೆ ಅದು?"

ಡೊರೊಥಿ ನನ್ನ ಮುಖ ನೋಡಿದರು. ಅದೊಂದು ನನಗೆ ಖಚಿತವಾಗಿ ಗೊತ್ತಿತ್ತು. ಫೋನಿನತ್ತ ಬಾಗಿ, ಹೇಳಲು ಬಾಯಿ ತೆರೆದೆ.

"ತಡೀರಿ, ತಡೀರಿ" ಎಂದಿತು ಆ ದನಿ. "ಸ್ಕೇಲ್ ತರ್ತೀನಿ."